ಕುಣಿಯಬಹುದು ಅಂದವಳು ನಾನೇ

ರಂಗಪ್ರವೇಶಕ್ಕೆ ಹನ್ನೆರಡು ದಿನ ಇರುವಾಗ ಆ ಹುಡುಗಿ ಜಯನಗರದ ನಮ್ಮ ಕ್ಲಿನಿಕ್ಕಿಗೆ ಬಂದಳು. ಎಕ್ಸ್‌ರೇ ಕ್ಲಿಯರ್ ಇತ್ತು. ಶಿನ್ ಸ್ಪ್ಲಿಂಟ್ (ಮೊಣಕಾಲ ಕೆಳಗಿನ ಮೂಳೆಯ ಅಂಚಿನ ನೋವು) ಅಂತ ಬರೆದೆ, ಟೇಪ್ ಹಾಕಿದೆ, ಕಾಫ್ ಸ್ಟ್ರೆಚ್ ಹೇಳಿಕೊಟ್ಟೆ. ಗುರುಗಳು ಫೋನ್ ಮಾಡಿ ಕೇಳಿದಾಗ "ಕುಣಿಯಬಹುದು" ಅಂದೆ.

ರಂಗಪ್ರವೇಶದ ದಿನ ಮಲ್ಲೇಶ್ವರದ ಸಭಾಂಗಣದಲ್ಲಿ ಐಸ್ ಡಬ್ಬಿ ಹಿಡಿದು ಸೈಡ್ ವಿಂಗ್‌ನಲ್ಲಿ ನಿಂತಿದ್ದೆ. ವರ್ಣ ಅನ್ನುವ ದೀರ್ಘ ನೃತ್ಯದ ಎರಡನೇ ಜತಿಗೆ ಅವಳ ಬಲಗಾಲು ತಟ್ಟಲಿಲ್ಲ, ಸುಮ್ಮನೆ ನೆಲ ಮುಟ್ಟಿತು. ಇನ್ನೂ ಇಪ್ಪತ್ತು ನಿಮಿಷ ಬಾಕಿ. ತಾಳ ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ. ಜತಿ ಮುಗಿಸುವ ಒಂದೊಂದು ತೀರ್ಮಾನಕ್ಕೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ನಿಲ್ಲಿಸಿ ಅಂತ ಕೈ ಎತ್ತಬಹುದಿತ್ತು, ಎತ್ತಲಿಲ್ಲ. ಒಳಗೆ ಬಂದಮೇಲೆ ಗೆಜ್ಜೆ ಬಿಚ್ಚಿ, ಮೂಳೆಯ ಒಳ ಅಂಚಿನ ಮೇಲೆ ಒಂದೇ ಬೆರಳಿಟ್ಟು ಒತ್ತಿದೆ. ನಾಣ್ಯದಷ್ಟು ಜಾಗ. ಚೀರಿದಳು.

ಶಿನ್ ಸ್ಪ್ಲಿಂಟಿನ ನೋವು ಆ ಅಂಚಿನುದ್ದಕ್ಕೂ ಹರಡಿರುತ್ತೆ, ಸ್ಟ್ರೆಸ್ ಫ್ರಾಕ್ಚರಿನದು, ಅಂದರೆ ಮತ್ತೆ ಮತ್ತೆ ಬಿದ್ದ ಪೆಟ್ಟಿಗೆ ಮೂಳೆಯಲ್ಲಾಗುವ ಸಣ್ಣ ಬಿರುಕಿನದು, ಒಂದೇ ಕಡೆ ಕೂತಿರುತ್ತೆ. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದಿರುವುದು ಮಾಮೂಲು. ಇದೆಲ್ಲ ಗೊತ್ತಿದ್ದೂ ಬೆರಳಿಟ್ಟಿರಲಿಲ್ಲ. ಎಂಆರ್‌ಐ ಆಮೇಲೆ ಹೇಳಿದ್ದು ಅದನ್ನೇ.

ನಮ್ಮ ಸಾಫ್ಟ್‌ವೇರ್ ಓಟದವರನ್ನು ವಾರಕ್ಕೆ ಎಷ್ಟು ಕಿಲೋಮೀಟರ್ ಅಂತ ಕೇಳುತ್ತೆ. ನಾಟ್ಯದವರು 'ಇತರೆ'. ಎಷ್ಟು ಗಂಟೆ ಅಡವು, ಯಾವ ನೆಲ ಅಂತ ಬರೆಯಲು ಜಾಗವೇ ಇಲ್ಲ, 20 ನಿಮಿಷದ ಸ್ಲಾಟಿನಲ್ಲಿ ಸಮಯವೂ ಇಲ್ಲ. ಮ್ಯಾನೇಜ್‌ಮೆಂಟಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಕೇಳಲು ನನಗೆ ಬಾಯಿ ಇತ್ತಲ್ಲ. ಅವಳ ಒಂದೂವರೆ ಗಂಟೆಯ ಅಭ್ಯಾಸ ಒಂದೇ ತಿಂಗಳಲ್ಲಿ ನಾಲ್ಕು ಗಂಟೆಯಾಗಿತ್ತು, ಅದೂ ಮನೆಯ ಗ್ರಾನೈಟ್ ಮೇಲೆ, ಬರಿಗಾಲಲ್ಲಿ. ಕಾಸ್ಟ್ಯೂಮಿನಲ್ಲಿ ಸಣ್ಣ ಕಾಣಬೇಕು ಅಂತ ರಾತ್ರಿಯೂಟ ಬಿಟ್ಟಿದ್ದಳು. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಊಟ ಸಾಲದ ದೇಹದಲ್ಲಿ ಈಸ್ಟ್ರೋಜನ್ ಇಳಿಯುತ್ತೆ, ಮೂಳೆ ದಿನದ ಪೆಟ್ಟನ್ನು ರಾತ್ರಿ ದುರಸ್ತಿ ಮಾಡಿಕೊಳ್ಳಲಾರದೆ ಸೋಲುತ್ತೆ. ಪಕ್ಕದಲ್ಲಿ ಅಪ್ಪ ಕೂತಿದ್ದರು ಅಂತ ಮುಟ್ಟಿನ ಮಾತು ಎತ್ತಲು ಸಂಕೋಚಪಟ್ಟಿದ್ದೆ. ಈಗ ಮನೆಯವರನ್ನು ಎರಡು ನಿಮಿಷ ಹೊರಗೆ ಕೂರಿಸಿಯೇ ಕೇಳುತ್ತೇನೆ, ಸ್ಲಾಟ್ ಮೀರಿದರೆ ಮೀರಲಿ.

ಇದು ಒಂಬತ್ತನೇ ವಾರ. ಇಷ್ಟು ದಿನ ಕೂತೇ ಅಭಿನಯ ಮಾಡುತ್ತಿದ್ದಳು. ಮೊನ್ನೆ ಮ್ಯಾಟ್ ಮೇಲೆ ಹತ್ತು ನಿಮಿಷ ತಟ್ಟಡವು ಮಾಡಿಸಿದೆ, ಮೊದಲ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ ಮಾತ್ರ. ಮರುದಿನ ಬೆಳಗ್ಗೆ ಅದೇ ಜಾಗ ಒತ್ತಿದೆ. "ನೋವಿಲ್ಲ ಮೇಡಂ" ಅಂದಳು. ಅವಳ ಮುಖ ನೋಡುತ್ತಾ ಇನ್ನೊಂದು ಸಲ ಒತ್ತಿದೆ.