ಗ್ರೌಟ್ ಮೇಲಿನ ಪೇಂಟ್ ಹನಿ ಕೊನೆಗೂ ಎದ್ದು ಬಂತು

ಹೊಳೆಯೋ ಗ್ಲೇಜ್ ಟೈಲ್ ಬಗ್ಗೆ ಬರೆಯೋಕೆ ಏನೂ ಇಲ್ಲ, ಸೋಪ್ ನೀರಲ್ಲಿ ನೆನೆಸಿ ಹೊಸ ಬ್ಲೇಡನ್ನ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ತಳ್ಳಿದ್ರೆ ಒಣಗಿದ ಹನಿ ಎದ್ದು ಬರುತ್ತೆ. ನನ್ನ ಪ್ರಾಣ ಹಿಂಡಿದ್ದು ಬಾಲ್ಕನಿಯ ಮ್ಯಾಟ್ ಆ್ಯಂಟಿ ಸ್ಕಿಡ್ ಟೈಲ್ಸು, ಅದರಲ್ಲೂ ಗ್ರೌಟ್ (ಟೈಲ್‌ಗಳ ನಡುವಿನ ಸಂದಿಗೆ ತುಂಬೋ ಮಿಶ್ರಣ) ಗೆರೆ ಮೇಲೆ ಬಿದ್ದಿದ್ದ ಬಿಳಿ ಹನಿಗಳು.

ತರಿತರಿ ಟೈಲಲ್ಲಿ ಬ್ಲೇಡು ಉಬ್ಬಿನ ಮೇಲಿಂದಷ್ಟೇ ಪೇಂಟ್ ತೆಗೆಯುತ್ತೆ, ತಗ್ಗಲ್ಲಿ ಇರೋದು ಹಾಗೇ ಕೂತಿರುತ್ತೆ. ಇನ್ನೂ ಒತ್ತಿದ್ರೆ ಬ್ಲೇಡಿನ ಉಕ್ಕೇ ಸವೆದು ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಬೂದು ಗೆರೆ ಬೀಳುತ್ತೆ. ಗ್ರೌಟ್ ಅಂತೂ ಸಿಮೆಂಟು, ಮೈಯೆಲ್ಲಾ ಸಣ್ಣ ರಂಧ್ರ, ಥಿನ್ನರ್ ಸುರಿದು ಉಜ್ಜಿದ್ರೆ ಕರಗಿದ ಪೇಂಟ್ ಇನ್ನೂ ಒಳಗಿಳಿಯುತ್ತೆ. ಆಸಿಡ್ ಹಾಕಿ ಅನ್ನೋರ ಮಾತು ದಯವಿಟ್ಟು ಕೇಳ್ಬೇಡಿ, ಪೇಂಟ್ ಅಲ್ಲೇ ಇರುತ್ತೆ, ಗ್ರೌಟ್ ಹಾಳಾಗುತ್ತೆ.

ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಬಿಳಿ ಬಣ್ಣ ಹತ್ತಿಗೆ ಅಂಟ್ತು, ಅಂದ್ರೆ ಇದು ಎಮಲ್ಷನ್, ನೀರಲ್ಲಿ ಕಲಸೋ ಗೋಡೆ ಪೇಂಟು. ಹಸಿ ಇದ್ದಾಗ ನೀರಲ್ಲೇ ತೊಳೆದು ಹೋಗೋ ಪೇಂಟು ಒಂದ್ಸಲ ನೀರಾರಿದ್ರೆ ಅದರೊಳಗಿನ ಅಕ್ರಿಲಿಕ್ ಕಣಗಳೆಲ್ಲ ಬೆಸೆದು ಪದರ ಆಗ್ಬಿಡುತ್ತೆ, ಆಮೇಲೆ ನೀರಿಗೆ ಜಗ್ಗಲ್ಲ. ಆಲ್ಕೋಹಾಲ್ ಮೆತ್ತಗೆ ಮಾಡುತ್ತೆ ಆದ್ರೆ ಕೆಲಸ ಶುರುವಾಗೋ ಮೊದಲೇ ಆರಿ ಹೋಗುತ್ತೆ, ಇಷ್ಟೂ ದಿನ ಸತಾಯಿಸಿದ್ದು ಇದೇ!

ಹಾಗಾಗಿ ಆರೋಕೇ ಬಿಡ್ಲಿಲ್ಲ. ಹತ್ತಿನ ಚೆನ್ನಾಗಿ ನೆನೆಸಿ ಹನಿ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆಲ್ಲಾ ಟೇಪ್ ಹಾಕಿ ಅರ್ಧ ಗಂಟೆ ಬಿಟ್ಟೆ (ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ). ತೆಗೆದು ನೋಡಿದ್ರೆ ಹನಿ ಉಬ್ಬಿ ಸುಕ್ಕಾಗಿತ್ತು, ನೈಲಾನ್ ಬ್ರಷ್ ಆಡಿಸಿದ ತಕ್ಷಣ ಅಂಚು ಬಿಡ್ತು. ಅದನ್ನ ಒರೆಸಬಾರದು, ಒಣ ಬಟ್ಟೆ ಒತ್ತಿ ಮೇಲಕ್ಕೆತ್ತಬೇಕು. ಗ್ರೌಟಲ್ಲಿ ಉಳಿದ ಮಸುಕಿಗೆ ಅಡುಗೆ ಸೋಡಾನ ಆಲ್ಕೋಹಾಲಲ್ಲಿ ಕಲಸಿ ಮೆತ್ತಿ, ಸ್ವಲ್ಪ ಹೊತ್ತು ಮುಚ್ಚಿಟ್ಟು ಆಮೇಲೆ ತೆರೆದು ಒಣಗೋಕೆ ಬಿಟ್ಟೆ, ಒಣಗ್ತಾ ಒಣಗ್ತಾ ಪುಡಿ ಒಳಗಿನ ಕಲೆನೂ ಎಳ್ಕೊಳ್ತು. ಗ್ರೌಟಿನ ಬೂದು ಬಣ್ಣ ಮತ್ತೆ ಕಂಡಾಗ ಆದ ಖುಷಿ ಹೇಳೋಕಾಗಲ್ಲ!

ಆನ್‌ಲೈನಲ್ಲಿ ತರಿಸಿದ ಪ್ಲಾಸ್ಟಿಕ್ ಬ್ಲೇಡುಗಳ ಬಗ್ಗೆ ಮಾತ್ರ ಸಿಟ್ಟಿದೆ, ಅಂಚೆಲ್ಲಾ ಮೊಂಡು, ಒಂದಕ್ಕೂ ಹರಿತ ಇಲ್ಲ. ಆಲ್ಕೋಹಾಲ್ ಬಾಟಲಿ ಮೇಲೆ ಶೇಕಡಾ ಎಷ್ಟು ಅಂತಾನೇ ಹಾಕಿರಲಿಲ್ಲ, ನೀರು ಜಾಸ್ತಿ ಇದ್ರೆ ಈ ಕೆಲಸ ಅಷ್ಟು ಚೆನ್ನಾಗಿ ಆಗಲ್ಲ ಅನ್ನೋದು ಮಾರೋರಿಗೆ ಬೇಡ್ವಾ?

ಇದರ ಮಧ್ಯೆ ತಲೇಲಿ ಎಪಾಕ್ಸಿ ಗ್ರೌಟ್ (ಸಿಮೆಂಟ್ ಬದಲು ರಾಳದಿಂದ ಮಾಡಿದ್ದು) ಹುಳ ಹೊಕ್ಕಿದೆ, ಸಿಮೆಂಟಿನ ಹಾಗೆ ಕಲೆ ಹೀರಲ್ಲ, ಬಾತ್‌ರೂಮಿಗೆ ಅದೇ. ಆದ್ರೆ ಅದಕ್ಕೂ ಮೊದಲು ಕಿಟಕಿ ಕೆಳಗಿರೋ ಹಳೇ ಎನಾಮಲ್ (ಎಣ್ಣೆ ಪೇಂಟ್) ಹನಿ ತೆಗೀಬೇಕು. ಅದು ಗಾಳಿಯ ಆಕ್ಸಿಜನ್ ಹೀರಿ ಗಟ್ಟಿಯಾಗೋದು, ಟರ್ಪೆಂಟೈನ್‌ಗೆ ಜಗ್ಗಲ್ಲ. ಜೆಲ್ ಪೇಂಟ್ ರಿಮೂವರ್ ತರಿಸ್ತಿದ್ದೀನಿ, ಮೊದಲು ಮಿಕ್ಕಿರೋ ಬಿಡಿ ಟೈಲ್ ಮೇಲೆ ಹಾಕಿ ನೋಡ್ತೀನಿ.