ಸ್ಟುಡಿಯೊ ಮಾನಿಟರ್ ಆರಿಸುವ ಮುಂಚೆ ವಾಲ್ಯೂಮ್ ಸಮ ಮಾಡಿ

ರೆಕಾರ್ಡಿಂಗ್, ಮಿಕ್ಸಿಂಗ್ ನನ್ನ ಕೆಲಸ. ಮನೆಯಲ್ಲೇ ಸಣ್ಣ ಸ್ಟುಡಿಯೊ ಮಾಡಿಕೊಳ್ಳುವವರೆಲ್ಲ ಕೇಳೋದು ಒಂದೇ: ಕಡಿಮೆ ಬಜೆಟ್‌ನಲ್ಲಿ ಯಾವ ಮಾನಿಟರ್, ಅಂದ್ರೆ ಮಿಕ್ಸಿಂಗ್‌ಗೆ ಅಂತಲೇ ಇರುವ ಸ್ಪೀಕರ್, ತಗೊಳ್ಳಲಿ? ಹೆಸರು ಹೇಳೋದು ಸುಲಭ. ಆದರೆ ಹೇಗೆ ಕೇಳಬೇಕು ಅಂತ ಮೊದಲು ತಿಳ್ಕೊಳ್ಳಿ ಅಂತೀನಿ, ಯಾಕಂದ್ರೆ ಅಂಗಡಿಯಲ್ಲಿ ಎರಡು ಜೋಡಿ ಪಕ್ಕಪಕ್ಕ ಇಟ್ಟು ಕೇಳಿದಾಗ ಬಹುತೇಕ ಸಲ ಗೆಲ್ಲೋದು ಸ್ವಲ್ಪ ಜೋರಾಗಿರುವ ಜೋಡಿ.

ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೆ ಅದು ಜೋರಾಗಿದೆ ಅಂತ ನಮಗೆ ಅನಿಸೋದೇ ಇಲ್ಲ, ಬೇಸ್ ತುಂಬಿದೆ, ಕ್ಲಿಯರ್ ಆಗಿದೆ ಅಂತ ಅನಿಸುತ್ತದೆ. ಸದ್ದು ಸಣ್ಣದಾದಷ್ಟೂ ಬೇಸ್ ನಮ್ಮ ಕಿವಿಗೆ ಕಡಿಮೆ ಬೀಳುತ್ತದೆ ಅನ್ನೋದನ್ನ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ನಾನು ಮೊದಲು ಪಿಂಕ್ ನಾಯ್ಸ್ (ಮಳೆ ಸುರಿದಂತೆ ಕೇಳುವ ಟೆಸ್ಟ್ ಸದ್ದು) ಹಾಕಿ, ಕೂರುವ ಜಾಗದಲ್ಲೇ ಫೋನ್ ಇಟ್ಟು, ಒಂದೊಂದೇ ಸ್ಪೀಕರನ್ನು ಸುಮಾರು 75 ಡೆಸಿಬೆಲ್‌ಗೆ ತರ್ತೀನಿ. ಫೋನ್ ಆ್ಯಪ್ ತೋರಿಸುವ ಅಂಕಿ ಅಷ್ಟು ಕರಾರುವಾಕ್ಕಾಗಿ ಇರದಿದ್ದರೂ ಪರವಾಗಿಲ್ಲ, ಎರಡೂ ಸಮ ಬಂದರೆ ಸಾಕು.

ಆಮೇಲೆ ಒಂದೇ ಸ್ಪೀಕರ್‌ನಲ್ಲಿ, ಮೋನೊದಲ್ಲಿ, ಬರೀ ಮಾತು. ದಿನಾ ಕೇಳುವ ದನಿಯೇ ಆಗಬೇಕು, ಮನೆಯವರದ್ದಾದರೆ ಇನ್ನೂ ಒಳ್ಳೇದು. 'ಸ', 'ಶ' ಬಂದಾಗ ಕಿವಿಗೆ ಚುಚ್ಚುತ್ತದಾ? ದನಿ ಡಬ್ಬದೊಳಗಿಂದ ಬಂದಂಗೆ ಇದೆಯಾ? ಮಾತಿನಲ್ಲಿ ಸಿಕ್ಕಿಬೀಳುವಷ್ಟು ಬೇಗ ದುಬಾರಿ ಮಿಕ್ಸ್ ಆದ ಹಾಡಿನಲ್ಲಿ ತಪ್ಪು ಸಿಕ್ಕಿಬೀಳೋದಿಲ್ಲ. ಮಾತಾದ ಮೇಲೆ ಮೃದಂಗ. ಎಡಗಡೆಯ ಪೆಟ್ಟು ಗುಂ ಅಂದು ನಿಲ್ಲಬೇಕಾದ ಕಡೆ ನಿಲ್ಲಬೇಕು. ಯಾವ ಶ್ರುತಿಯಲ್ಲಿ ನುಡಿಸಿದರೂ ಒಂದೇ ತರಹದ ಗುಂಯ್ ಎಳೆದುಕೊಂಡು ಬರ್ತಿದ್ರೆ ಅದು ಮೃದಂಗದ್ದಲ್ಲ, ಸ್ಪೀಕರ್ ಡಬ್ಬದಲ್ಲಿ ಬೇಸ್‌ಗೆ ಬಿಟ್ಟಿರುವ ತೂತು, ಅಂದ್ರೆ ಪೋರ್ಟ್‌ನದ್ದೋ ರೂಮಿನದ್ದೋ ಆಗಿರುತ್ತದೆ.

ಐದಿಂಚಿನ ಸ್ಪೀಕರ್‌ನಿಂದ ಆಳದ ಬೇಸ್ ನಿರೀಕ್ಷಿಸಬೇಡಿ. ಯಮಾಹಾ ಎಚ್‌ಎಸ್5 ಉದಾಹರಣೆಗೆ ನೋಡಿ: ಎಷ್ಟು ಕೆಳಗಿನ ಬೇಸ್‌ವರೆಗೆ ಇಳಿಯುತ್ತದೆ ಅಂತ ಕಂಪನಿಯೇ ಕೊಟ್ಟಿರುವ 54 ಹರ್ಟ್ಸ್ ಅನ್ನೋದು ಸದ್ದು 10 ಡೆಸಿಬೆಲ್ ಕುಸಿದ ಮೇಲಿನ ಲೆಕ್ಕ, 3 ಡೆಸಿಬೆಲ್ ಮಾತ್ರ ಕುಸಿದ ಲೆಕ್ಕದಲ್ಲಿ 74. ಬೇಸ್ ಗಿಟಾರಿನ ದಪ್ಪ ತಂತಿ ಹೊರಡೋದೇ 41 ಹರ್ಟ್ಸ್‌ನಿಂದ. ಆ ಭಾಗಕ್ಕೆ ಹೆಡ್‌ಫೋನ್ ಇಟ್ಟುಕೊಳ್ಳಿ. ಬೇಸ್ ಸಾಲ್ತಿಲ್ಲ ಅಂತ ಗೋಡೆಗೆ ಒತ್ತಿ ಇಟ್ಟರೆ ಬೇಸ್ ಬರುತ್ತದೆ ನಿಜ, ಆದರೆ ಅದು ಗೋಡೆಯ ಬೇಸ್, ಅದನ್ನ ನಂಬಿ ಮಿಕ್ಸ್ ಮಾಡಿದ್ದು ಕಾರಿನಲ್ಲಿ ಕೇಳಿದಾಗ ಸಪ್ಪೆ. ಬೇರೆ ಜಾಗವೇ ಇಲ್ಲ ಅಂದ್ರೆ ಸ್ಪೀಕರ್ ಹಿಂದಿರುವ, ಬೇಸ್ ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ ಮುಟ್ಟಿ ನೋಡಿ, ಎಚ್‌ಎಸ್5ನಲ್ಲಿ ಮೈನಸ್ 2, ಮೈನಸ್ 4 ಡೆಸಿಬೆಲ್ ಇವೆ. ಎಷ್ಟೋ ಜನ ಆ ಸ್ವಿಚ್ ಕಡೆ ನೋಡಿರೋದೇ ಇಲ್ಲ.

ಇನ್ನು ಹಿಸ್. ತೆಳು ಸದ್ದಿನ ಸಣ್ಣ ಸ್ಪೀಕರ್, ಅಂದ್ರೆ ಟ್ವೀಟರ್‌ಗೆ ಕಿವಿ ಹಚ್ಚಿದಾಗ ಸ್ಸ್ ಅನ್ನೋದು ಈ ಬೆಲೆಯಲ್ಲಿ ಮಾಮೂಲಿ. ರಾತ್ರಿ, ಫ್ಯಾನ್ ಆಫ್ ಮಾಡಿ, ನೀವು ಕೂರುವ ಕುರ್ಚಿಯಲ್ಲೇ ಕೂತು ಕೇಳಿ. ಅಲ್ಲಿಗೂ ಕೇಳಿಸ್ತಿದ್ರೆ ಮಾತ್ರ ವಾಪಸ್ ಕೊಡಿ.