ಕಡಜಕ್ಕೆ 50, ನಮಗೆ 46: ಹಾಗಾದರೆ ಯಾರು ಮುಂದು?

ಕೀಟಗಳ ಮಾತು ಬಂದಲ್ಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ವರ್ಣತಂತು ಹೆಚ್ಚಿದ್ದಷ್ಟೂ ಜೀವಿ ಮುಂದುವರಿದದ್ದು ಅಲ್ವಾ ಸರ್?" ವರ್ಣತಂತು ಅಂದರೆ ಜೀವಕೋಶದೊಳಗೆ ಡಿಎನ್‌ಎಯನ್ನು ಹೊತ್ತಿರುವ ಎಳೆ. ಮನುಷ್ಯನಿಗೆ 46 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರ ಫಲ ಇದು.

ಅಲ್ಲ. ಯುರೋಪಿನ ಹಳದಿ ಕಡಜ ವೆಸ್ಪುಲಾ ವಲ್ಗಾರಿಸ್‌ನ ರಾಣಿಗೂ ಕೆಲಸಗಾರ್ತಿಗೂ 50 ವರ್ಣತಂತುಗಳಿವೆ: ಅಮ್ಮನಿಂದ 25ರ ಒಂದು ಕಂತೆ, ಅಪ್ಪನಿಂದ ಇನ್ನೊಂದು. ಆದರೆ ಅದರ ಒಂದು ಕಂತೆಯಲ್ಲಿರುವ ಡಿಎನ್‌ಎ ಅಕ್ಷರಗಳು ಸುಮಾರು 18 ಕೋಟಿ. ನಮ್ಮದು 300 ಕೋಟಿ. ಒಂದೇ ನಿಘಂಟನ್ನು ಎಂಟು ಸಂಪುಟ ಮಾಡಿ, ಹದಿನಾರು ಮಾಡಿ, ಪದಗಳೇನೂ ಹೆಚ್ಚುವುದಿಲ್ಲ.

ಗಂಡು ಕಡಜದ್ದು ಇನ್ನೂ ಮಜ. ಫಲಿತವಾಗದ ಮೊಟ್ಟೆಯಿಂದ ಹುಟ್ಟುವ ಅದಕ್ಕೆ ಅಪ್ಪನೇ ಇಲ್ಲ, ಹಾಗಾಗಿ ವರ್ಣತಂತು ಬರೀ 25. ಎಣಿಸುವವರಿಗೆ ಇದೊಂದು ವರ. ಎಣಿಸುವುದಾದರೂ ಬೆಳೆದ ಹುಳದಲ್ಲಲ್ಲ. ಗೂಡಿನ ಕೋಣೆಗೆ ರೇಷ್ಮೆಯ ಮುಚ್ಚಳ ನೇಯ್ದುಕೊಂಡು, ಅಲ್ಲಿಯವರೆಗೆ ಹೊಟ್ಟೆಯಲ್ಲೇ ಕಟ್ಟಿಟ್ಟುಕೊಂಡಿದ್ದ ಮಲವನ್ನು ಒಮ್ಮೆಗೇ ಹೊರಹಾಕಿ, ಪ್ಯೂಪಾ ಆಗಲು ಹೊರಟ ಮರಿಹುಳು ಬೇಕು. ಆಗ ಅದರ ಮಿದುಳಿನಲ್ಲಿ ಜೀವಕೋಶಗಳು ಭರದಿಂದ ವಿಭಜನೆಯಾಗುತ್ತಿರುತ್ತವೆ. ಆ ಮಿದುಳನ್ನು ಕಾಲ್ಚಿಸಿನ್ ದ್ರಾವಣದಲ್ಲಿಟ್ಟರೆ ವಿಭಜನೆ ಅರ್ಧಕ್ಕೇ ನಿಲ್ಲುತ್ತದೆ. ಅಸೆಟಿಕ್ ಆಮ್ಲ, ಆಲ್ಕೋಹಾಲ್ ಹಾಕಿ ಗಾಜಿನ ಮೇಲೆ ಹರಡಿ, ಒಣಗಿಸಿ, ಗೀಮ್ಸಾ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ ನೇರಳೆ ಚೂರುಗಳು, ಅವೇ ವರ್ಣತಂತುಗಳು. ಒಂದರ ಮೇಲೊಂದು ಬಿದ್ದಿದ್ದರೆ ಎಣಿಕೆ ತಪ್ಪಿತು ಅಂತಲೇ.

ಸಂಖ್ಯೆ ಬದಲಾಗುವುದು ಎರಡು ತಂತುಗಳು ಅಂಟಿಕೊಂಡಾಗ, ಇಲ್ಲವೇ ಒಂದು ತುಂಡಾದಾಗ. ಹೆಣ್ಣಿನಲ್ಲಿ ಹಳೆಯ ರೂಪದ ತಂತೂ ಹೀಗೆ ಬದಲಾದ ಹೊಸ ತಂತೂ ಜೋಡಿಯಾಗಬೇಕಾಗಿ ಬಂದಾಗ ತೊಡಕು. ಗಂಡಿನಲ್ಲಿ ಜೋಡಿಯೇ ಇಲ್ಲ, ತಕರಾರೂ ಇಲ್ಲ.

ಸಂಘಜೀವನಕ್ಕೂ ಈ ಸಂಖ್ಯೆಗೂ ನಂಟಿದೆಯೇ? ಪ್ರಶ್ನೆಯ ನಿಜವಾದ ಸತ್ವ ಇಲ್ಲಿದೆ. ಒಂದೇ ಗಂಡಿನಿಂದ ಹುಟ್ಟಿದ ಕಡಜದ ಅಕ್ಕತಂಗಿಯರು ಸರಾಸರಿ ಮುಕ್ಕಾಲು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಅಪ್ಪನ ಪಾಲು ಎಲ್ಲರಿಗೂ ಒಂದೇ, ಅಮ್ಮನ ಪಾಲು ಮಾತ್ರ ಲಾಟರಿ. ತಂತುಗಳು ಕಡಿಮೆಯಿದ್ದರೆ ಕೆಲವರು ತೀರಾ ಹತ್ತಿರ, ಕೆಲವರು ದೂರ. ಹೆಚ್ಚಿದ್ದರೆ ಎಲ್ಲರೂ ಸರಾಸರಿಯ ಆಸುಪಾಸು. ಗೂಡಿನೊಳಗೆ ಪಕ್ಷಪಾತಕ್ಕೆ ಅವಕಾಶ ಕಡಿಮೆಯಾಗುವುದರಿಂದ ಸಂಘಜೀವಿಗಳಲ್ಲಿ ಸಂಖ್ಯೆ ಏರಿರಬೇಕು ಎಂದು ಜೀವವಿಜ್ಞಾನಿ ಪಾಲ್ ಶರ್ಮನ್ 1979ರಲ್ಲಿ ವಾದಿಸಿದರು. ಸೊಗಸಾದ ವಾದ, ನನಗೆ ಈಗಲೂ ಇಷ್ಟ.

ಆದರೆ ಆಸ್ಟ್ರೇಲಿಯಾದಲ್ಲಿ ಮಿರ್ಮೇಸಿಯಾ ಕ್ರಾಸ್ಲಂಡಿ ಎಂಬ ಇರುವೆ ಇದೆ. 1986ರಲ್ಲಿ ವರದಿಯಾದಂತೆ ಅದರ ಕೆಲಸಗಾರ್ತಿಗೆ ಎರಡೇ ವರ್ಣತಂತು, ಗಂಡಿಗೆ ಒಂದೇ ಒಂದು. ಅದೂ ಗೂಡು ಕಟ್ಟಿ ಕೂಡಿ ಬಾಳುವ ಇರುವೆಯೇ! ಇನ್ನು ಜೇನುಹುಳದಲ್ಲಿ ಕಂತೆಗೆ 16 ತಂತು ಮಾತ್ರ. ಆದರೆ ಅದರ ರಾಣಿ ಮೊಟ್ಟೆ ತಯಾರಿಸುವಾಗ ಜೋಡಿ ತಂತುಗಳ ನಡುವೆ ತುಣುಕುಗಳ ಅದಲುಬದಲು ವಿಪರೀತ, ನಮ್ಮಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಲಾಟರಿಯ ಚೀಟಿಗಳನ್ನು ಕಲಸಬೇಕೆಂದರೆ ತಂತುಗಳ ಸಂಖ್ಯೆಯನ್ನೇ ಏರಿಸಬೇಕೆಂದಿಲ್ಲ. ಹಾಗಾಗಿ ಕೇಳುವುದಾದರೆ, ತಂತು ಎಷ್ಟು ಎನ್ನುವುದರ ಜೊತೆಗೆ ಅದಲುಬದಲು ಎಷ್ಟು ಅಂತಲೂ ಕೇಳಿ.